ಪರದೆಗೆ ಬೆನ್ನು ಹಾಕಿದ ವಿಮರ್ಶಕ

ಠಾಣಾ ಕುಶನೂರಿನ ಹಣಮಂತಪ್ಪ ಸಿನಿಮಾ ನೋಡದೆಯೇ ಸಿನಿಮಾ ವಿಮರ್ಶಕನಾದವನು. ಹಾಗಾದವರು ನಾಡಿನಲ್ಲಿ ಇನ್ನೂ ಎಷ್ಟೋ ಜನ ಇದ್ದಾರು, ಆದರೆ ಅವರು ಅದನ್ನು ಗುಟ್ಟಾಗಿ ಮಾಡುತ್ತಾರೆ. ಹಣಮಂತಪ್ಪ ಮುನ್ನೂರು ಜನರ ಎದುರಿಗೆ, ಪರದೆಗೆ ಬೆನ್ನು ಹಾಕಿ ಕೂತು ಮಾಡಿದ.

ಎಪ್ಪತ್ತು ದಾಟಿದ ಈ ಮನುಷ್ಯನಿಗೆ ಗೊತ್ತಿದ್ದ ವಿದ್ಯೆ ಒಂದೇ, ಕುರಿ. ಔರಾದ ಸಂತೆಯಲ್ಲಿ ಟಗರು ಕೊಳ್ಳಲು ಬಂದವರು ಮೊದಲು ಇವನನ್ನು ಹುಡುಕುತ್ತಿದ್ದರು. ಇವನು ಹಲ್ಲು ನೋಡಿ, ಗೊರಸು ಎತ್ತಿ, ಹೊಟ್ಟೆಯನ್ನು ಎರಡು ಬೆರಳಿನಿಂದ ಒತ್ತಿ "ತಗೋ" ಅನ್ನುತ್ತಿದ್ದ, ಇಲ್ಲವೇ "ಬಿಡು" ಅನ್ನುತ್ತಿದ್ದ. ಮೂರನೆಯ ಮಾತಿರಲಿಲ್ಲ. ಹೊಟ್ಟೆ ಒತ್ತುವುದಕ್ಕೆ ಕಾರಣವಿತ್ತು. ಕೆಲವು ವ್ಯಾಪಾರಿಗಳು ಸಂತೆಯ ಹಿಂದಿನ ದಿನ ಕುರಿಗೆ ಉಪ್ಪು ನೆಕ್ಕಿಸುತ್ತಾರೆ. ಮುಂಜಾನೆ ಅದು ಬಾಯಾರಿ ಹೊಟ್ಟೆ ಬಿರಿಯುವಂತೆ ನೀರು ಕುಡಿಯುತ್ತದೆ. ಬಡಕಲು ಕುರಿಯೂ ಆ ಒಂದು ದಿನದ ಮಟ್ಟಿಗೆ ದುಂಡಗೆ ಕಾಣುತ್ತದೆ. ಮನೆಗೆ ಒಯ್ದ ಮೇಲೆ ಉಳಿಯುವುದು ಎಲುಬು, ಚರ್ಮ ಮತ್ತು ಕೊಂಡವನ ಬೈಗುಳ. ನಲವತ್ತು ವರ್ಷದಲ್ಲಿ ಹಣಮಂತಪ್ಪ ಒಂದೇ ಒಂದು ಉಪ್ಪಿನ ಹೊಟ್ಟೆಗೂ "ತಗೋ" ಅಂದವನಲ್ಲ. ಅದು ಅವನ ಹೆಮ್ಮೆ, ಅವನ ಆಸ್ತಿ, ಹೆಂಡತಿ ಪುತಳಾಬಾಯಿಯ ಪ್ರಕಾರ ಅವನ ರೋಗ.

ಸಿನಿಮಾದ ಸಂಗತಿ ಶುರುವಾದದ್ದು ಎರಡು ವರ್ಷದ ಕೆಳಗೆ. ಕಣ್ಣಿನ ಪೊರೆ ತೆಗೆಸಿಕೊಂಡು ಹದಿನೈದು ದಿನವಾಗಿತ್ತು. ಡಾಕ್ಟರಿಗೆ ತೋರಿಸಲು ಮೊಮ್ಮಗಳು ಮೇಘಾಳ ಜೊತೆ ಭಾಲ್ಕಿಗೆ ಹೋಗಿದ್ದ. ವಾಪಸು ಬರುವ ಬಸ್ಸಿಗೆ ಮೂರು ತಾಸು ಇತ್ತು, ಹೊರಗೆ ಬೇಸಿಗೆಯ ಬಿಸಿಲು. ಔರಾದಿನಲ್ಲಿ ಡಿಗ್ರಿ ಓದುವ ಮೇಘಾ ಮುತ್ಯಾನನ್ನು ಟಾಕೀಜಿಗೆ ಎಳೆದುಕೊಂಡು ಹೋದಳು, ಅಲ್ಲಿ ಫ್ಯಾನು ತಿರುಗುತ್ತದೆ ಎಂಬ ಆಸೆ ತೋರಿಸಿ. ಅಲ್ಲಿ ನಡೆಯುತ್ತಿದ್ದದ್ದು ‘ಗಗನಮಾರಿ’. ಆಕಾಶದಿಂದ ಒಂದು ಯಂತ್ರ ಇಳಿದು ಊರಿನ ಕರೆಂಟನ್ನೆಲ್ಲ ಕುಡಿಯುತ್ತದೆ, ಉಕ್ಕಿನ ತೋಳಿನ ನಾಯಕ ಅದನ್ನು ಬಡಿದು ಕೆಡವುತ್ತಾನೆ. ಊರಿನ ಕರೆಂಟು ಹೋಗಲು ಆಕಾಶದಿಂದ ಯಾರೂ ಇಳಿಯಬೇಕಾಗಿಲ್ಲ ಎಂದು ಠಾಣಾ ಕುಶನೂರಿನವರಿಗೆ ಗೊತ್ತು, ಆ ಮಾತು ಬೇರೆ.

ಝಗಝಗ ಬೆಳಕು ನೋಡಬಾರದೆಂದು ಡಾಕ್ಟರು ಹೇಳಿದ್ದರು. ಹಣಮಂತಪ್ಪ ಹೇಳಿದ ಮಾತು ಕೇಳುವವನು. ಎಲ್ಲಕ್ಕಿಂತ ಮುಂದಿನ ಸಾಲಿನಲ್ಲಿ ಹಿಂದುಮುಂದಾಗಿ ಕೂತು, ಕುರ್ಚಿಯ ಬೆನ್ನಿನ ಮೇಲೆ ಗದ್ದ ಊರಿ ಜನರನ್ನು ನೋಡತೊಡಗಿದ. ಕುರಿ ಕಾಯುವವನು ಅಡವಿಯಲ್ಲಿ ಕೂರುವುದೂ ಹಾಗೆಯೇ, ಮುಖ ಹಿಂಡಿನ ಕಡೆಗೆ. ಹುಲ್ಲು ಒಳ್ಳೆಯದಿದ್ದರೆ ಕುರಿ ತಲೆ ಎತ್ತುವುದಿಲ್ಲ. ಹುಲ್ಲು ಮುಗಿದರೆ ಒಂದು ತಲೆ ಎತ್ತುತ್ತದೆ, ಆಮೇಲೆ ಹತ್ತು. ಟಾಕೀಜಿನಲ್ಲಿ ಹುಲ್ಲು ಮುಗಿದಾಗ ಕತ್ತಲೆಯಲ್ಲಿ ಒಂದು ಮೊಬೈಲು ಬೆಳಗುತ್ತಿತ್ತು, ಆಮೇಲೆ ಹತ್ತು. ಹುಲ್ಲು ಭಾಳ ಚೆನ್ನಾಗಿದ್ದಾಗ ಶೇಂಗಾ ಹಿಡಿದ ಕೈ ಬಾಯಿಗೆ ಹೋಗದೆ ಅರ್ಧದಲ್ಲೇ ನಿಲ್ಲುತ್ತಿತ್ತು. ಅರ್ಧ ತಾಸಿನಲ್ಲಿ ಹಣಮಂತಪ್ಪ ಇಡೀ ಶಾಸ್ತ್ರವನ್ನು ಕಲಿತುಬಿಟ್ಟ.

ಹೊರಗೆ ಬಂದ ಮೇಲೆ ಮೇಘಾ ತಮಾಷೆಗೆ ಮೊಬೈಲು ಹಿಡಿದು ಹ್ಯಾಂಗಿತ್ತು ಅಂತ ಕೇಳಿದಳು. ಕುರಿ ಮೇದಾವ, ತಲಿ ಎತ್ತಿಲ್ಲ, ನಡುವ ಒಂದಿಷ್ಟು ಒಣ ಹುಲ್ಲದ, ಆದರೂ ನಡೀತದ ಅಂದ. ಪಟ್ಟಣದ ಪಂಡಿತರು ಒಂದು ವಾರವೂ ಓಡದು ಅಂದಿದ್ದ ಸಿನಿಮಾ ಏಳು ವಾರ ಓಡಿತು. ಮೇಘಾಳ ವಿಡಿಯೋ ಸಿನಿಮಾಕ್ಕಿಂತ ಹೆಚ್ಚು ಓಡಿತು. ಅವಳು ‘ಮುತ್ಯಾನ ಅಂದಾಜ’ ಎಂದು ಚಾನೆಲ್ಲೇ ತೆರೆದಳು. ಎರಡು ವರ್ಷದಲ್ಲಿ ಹನ್ನೊಂದು ಸಿನಿಮಾಕ್ಕೆ ಹಣಮಂತಪ್ಪ ಅಂದಾಜು ಹೇಳಿದ, ಹನ್ನೊಂದೂ ನಿಜವಾದವು. ಕಣ್ಣು ವಾಸಿಯಾದರೂ ಅವನು ಪರದೆಯ ಕಡೆ ತಿರುಗಲಿಲ್ಲ. ಜನ ಅದನ್ನೂ ಒಂದು ದೊಡ್ಡ ವಿದ್ಯೆ ಎಂದೇ ತಿಳಿದರು.

ಹೀಗಿರುವಾಗ ‘ಗಗನಮಾರಿ ಭಾಗ ಎರಡು’ ಬಂತು. ಮೊದಲನೆಯದರಲ್ಲಿ ಒಂದು ಯಂತ್ರವಿದ್ದರೆ ಇದರಲ್ಲಿ ಏಳು. ಮೊದಲನೆಯದರಲ್ಲಿ ನಾಯಕನಿಗೆ ಒಂದು ಉಕ್ಕಿನ ತೋಳು, ಇದರಲ್ಲಿ ಎರಡು. ಮೊದಲನೆಯದು ಎರಡು ತಾಸಿನದು, ಇದು ಮೂರು ತಾಸಿನ ಮೇಲೆ. ಕಂಪನಿಯ ಪ್ರಚಾರ ನೋಡಿಕೊಳ್ಳುವ ಅಶ್ವಜಿತ ಎಂಬ ತರುಣ ಹೈದರಾಬಾದಿನಿಂದ ಮೇಘಾಳಿಗೆ ಫೋನು ಮಾಡಿದ. ಬೀದರಿನ ಮಾಲಿನಲ್ಲಿ ಮೊದಲ ಆಟಕ್ಕೆ ಅಜ್ಜನನ್ನು ಕರೆತರಬೇಕು, ಅಂದಾಜು ಆವತ್ತು ಮಧ್ಯಾಹ್ನದೊಳಗೆ ಬರಬೇಕು, ಅದು ಚೆನ್ನಾಗಿದ್ದರೆ ಹೈದರಾಬಾದಿನ ದೊಡ್ಡ ಸಮಾರಂಭದಲ್ಲಿ ಮೇಘಾಳನ್ನು ವೇದಿಕೆಗೆ ಕರೆಯುತ್ತೇವೆ ಎಂದ. ಚೆನ್ನಾಗಿರಬೇಕಾದದ್ದು ಸಿನಿಮಾವೋ ಅಂದಾಜೋ ಎಂದು ಅವಳು ಕೇಳಲಿಲ್ಲ. ಔರಾದು ದಾಟಿ ಬೀದರ, ಬೀದರ ದಾಟಿದರೆ ಬರೀ ಮದುವೆಯಾಗಿ ಹೋಗುವ ಊರು ಎಂದುಕೊಂಡಿದ್ದ ಹುಡುಗಿಗೆ ವೇದಿಕೆ ಕಣ್ಣಿಗೆ ಕಟ್ಟಿತ್ತು. ತಪ್ಪೇನಲ್ಲ.

ಬೀದರಿನ ಮಾಲಿನಲ್ಲಿ ಹಣಮಂತಪ್ಪನಿಗೆ ತೊಡೆ ಹೂತುಹೋಗುವಂಥ ಕುರ್ಚಿ ಕೊಟ್ಟರು. ಅದರಲ್ಲಿ ಹಿಂದುಮುಂದಾಗಿ ಕೂರುವುದು ಸುಲಭವಾಗಿರಲಿಲ್ಲ, ಮೊಣಕಾಲೂರಿ ಹೇಗೋ ಕೂತ. ಹಿಂಡನ್ನು ನೋಡಿದ. ನೋಡಿದಷ್ಟೂ ಅವನಿಗೆ ಕಸಿವಿಸಿಯಾಯಿತು. ಎಲ್ಲರ ಮೈಮೇಲೆ ಕಂಪನಿ ಹಂಚಿದ ಒಂದೇ ಬಣ್ಣದ ಅಂಗಿ. ನಾಯಕ ಬರುವುದಕ್ಕಿಂತ ಮೊದಲೇ ಸೀಟಿ. ಯಂತ್ರ ಬಿದ್ದರೂ ಸೀಟಿ, ಎದ್ದರೂ ಸೀಟಿ. ನಾಯಕ ಸತ್ತಾಗ ಹೊಡೆದ ಸೀಟಿಗೂ ಅವನು ಮೂರು ಸಲ ತಿರುಗಿ ಬದುಕಿದಾಗ ಹೊಡೆದ ಸೀಟಿಗೂ ಫರಕೇ ಇರಲಿಲ್ಲ. ಆದರೆ ಕೈ? ಕೈಗಳು ಒಂದೇ ಸಮ ಬಾಯಿಗೆ ಹೋಗುತ್ತಿದ್ದವು, ಪಾಪ್‌ಕಾರ್ನಿನ ಡಬ್ಬಿ ಖಾಲಿಯಾಗುವವರೆಗೂ. ಇಡೀ ಮೂರು ತಾಸಿನಲ್ಲಿ ಒಂದೇ ಒಂದು ಸಲ ಆ ಕೈಗಳು ಗಾಳಿಯಲ್ಲಿ ನಿಂತವು. ಹಣಮಂತಪ್ಪನ ಬೆನ್ನ ಹಿಂದೆ ಪರದೆಯಲ್ಲಿ ಏನೋ ಒಂದು ಸಣ್ಣದು, ತಾಯಿ ತಪ್ಪಿದ ಮರಿಯ ಹಾಗೆ ಒದರುತ್ತಿತ್ತು. ಆಗ ಯಾರೂ ಸೀಟಿ ಹೊಡೆಯಲಿಲ್ಲ. ಮರುಗಳಿಗೆ ಏಳು ಯಂತ್ರಗಳೂ ಕೂಡಿ ಗದ್ದಲ ಎಬ್ಬಿಸಿದವು, ಕೈಗಳು ತಿರುಗಿ ಬಾಯಿಗೆ ಹೊರಟವು.

ಹೊರಗೆ ದೀಪ, ಕ್ಯಾಮೆರಾ, ಅಶ್ವಜಿತನ ನಗು. ಅಂದಾಜು ಏನು ಎಂದು ಮೇಘಾ ಕೇಳಿದಳು. ಹಣಮಂತಪ್ಪ ಗಂಟಲು ಸರಿಮಾಡಿಕೊಂಡು ಕಂಡದ್ದನ್ನು ಕಂಡ ಹಾಗೆ ಹೇಳಿದ.

"ಹೊಟ್ಟಿ ತುಂಬ್ಯದರಿ. ಹಿಂಥಾ ತುಂಬಿದ ಹೊಟ್ಟಿ ನಾ ನಲವತ್ತ ವರ್ಷದಾಗ ನೋಡಿಲ್ಲ. ಆದ್ರ ಇದು ಮೇದ ಹೊಟ್ಟಿ ಅಲ್ಲರಿ, ಉಪ್ಪ ತಿನಿಸಿ ನೀರ ಕುಡಿಸಿದ ಹೊಟ್ಟಿ. ನಡುವ ಯಾವದೋ ಮರಿ ಒದರತದಲ್ಲ, ಅಲ್ಲಿ ಅಷ್ಟ ಒಂದ ಹಿಡಿ ಖರೇ ಹುಲ್ಲ ಅದ."

ಅಶ್ವಜಿತನಿಗೆ ಈ ಕನ್ನಡ ಪೂರಾ ತಿಳಿಯಲಿಲ್ಲ. ಮೇಘಾಳಿಗೆ ತಿಳಿಯಿತು. ಅವಳು ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು ಬಹಳ ಹೊತ್ತು ಮೊಬೈಲಿನಲ್ಲಿ ಏನೋ ಮಾಡುತ್ತಿದ್ದಳು. ಹಣಮಂತಪ್ಪ ನಿದ್ದೆ ಮಾಡುತ್ತಿದ್ದ.

ಮರುದಿನ ಮುಂಜಾನೆ ಬಸ್ ಸ್ಟ್ಯಾಂಡಿನ ಚಹಾದ ಅಂಗಡಿಗೆ ಹೋದಾಗ ಅಂಗಡಿಯ ಕಾಶೀರಾಮ ಇವನಿಗೆ ಚಹಾ ಕೊಡುವ ಮೊದಲೇ ಕೈ ಮುಗಿದ. ಭಾನುವಾರ ಇಡೀ ಕುಟುಂಬ ಭಾಲ್ಕಿಯ ಟಾಕೀಜಿಗೆ ಹೊರಟಿದೆಯಂತೆ. ಸಾಯಗಾಂವದ ಬೀಗರು ಬರುತ್ತಾರಂತೆ, ಖಟಕ ಚಿಂಚೋಳಿಯಿಂದ ಒಂದು ಟೆಂಪೋನೇ ಬರುತ್ತದಂತೆ. ಎಲ್ಲ ಮುತ್ಯಾ ಹೇಳಿದ ಮಾತಿನ ಮೇಲೆ. ನಾ ಏನ ಹೇಳೀನಿ ಎಂದು ಹಣಮಂತಪ್ಪ ಕೇಳಿದ. ಕಾಶೀರಾಮ ಮೊಬೈಲು ತೋರಿಸಿದ. ಅದರಲ್ಲಿ ಹಣಮಂತಪ್ಪನ ಮುಖ ಬಂತು, ಹೊಟ್ಟಿ ತುಂಬ್ಯದರಿ ಅಂದಿತು, ನಲವತ್ತು ವರ್ಷದಲ್ಲಿ ಇಂಥದ್ದು ನೋಡಿಲ್ಲ ಅಂದಿತು, ಮುಗಿಯಿತು. ಹಿಂದಿನಿಂದ ಡೊಳ್ಳಿನ ಸದ್ದು ಕೇಳಿತು.

ಹಣಮಂತಪ್ಪ ಅಲ್ಲಿಂದಲೇ ತಿರುಗಿದ. ಚಹಾ ಕುಡಿಯದೆ ಮನೆಗೆ ಬಂದ. ಪುತಳಾಬಾಯಿ ರೊಟ್ಟಿ ಬಡಿಯುತ್ತಿದ್ದಳು, ಮೇಘಾ ಪಕ್ಕದಲ್ಲಿ ಕೂತು ವಿಡಿಯೋ ನೋಡಿದವರ ಲೆಕ್ಕ ಓದಿ ಹೇಳುತ್ತಿದ್ದಳು. ಅವನು ಕೂಗಾಡಲಿಲ್ಲ. ಕೂಗಾಡಿದ್ದರೆ ಮೇಘಾಳಿಗೆ ಸುಲಭವಾಗುತ್ತಿತ್ತು.

"ಅದು ನನ್ನ ಮಾತ ಅಲ್ಲವ್ವಾ."

"ನಿನ್ನ ಮಾತೇ ಅದ ಮುತ್ಯಾ," ಎಂದಳು ಅವಳು, ಮೊಬೈಲಿನಿಂದ ಕಣ್ಣು ಎತ್ತದೆ. "ನಾ ಒಂದೂ ಮಾತ ಸೇರಿಸಿಲ್ಲ."

"ಉಪ್ಪ ತಿನಿಸವರೂ ಹಿಂಗೇ ಅಂತಾರ. ಕುರಿ ಅದೇ ಅದ, ನಾವೇನ ಸೇರಿಸಿಲ್ಲ ಅಂತಾರ."

ಪುತಳಾಬಾಯಿ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು. ಮೇಘಾ ಅಳಲು ಶುರು ಮಾಡಿದಳು, ಆದರೆ ವಿಡಿಯೋ ತೆಗೆಯಲಿಲ್ಲ. ಅವಳು ಅತ್ತದ್ದೂ ಖರೇ, ತೆಗೆಯದಿದ್ದದ್ದೂ ಖರೇ. ಹಣಮಂತಪ್ಪ ಆವತ್ತೇ ನಿರ್ಧಾರ ಮಾಡಿದ. ಭಾನುವಾರ ಭಾಲ್ಕಿಗೆ ಹೋಗಬೇಕು. ತನ್ನ ಮಾತು ನಂಬಿ ಬಂದವರ ಎದುರಿಗೆ ನಿಂತು ತನ್ನ ಮಾತನ್ನು ವಾಪಸು ತೆಗೆದುಕೊಳ್ಳಬೇಕು. ಮೊದಲು ಹಿಂಡಿನ ಮುಖ ನೋಡಿ ಖಾತ್ರಿ ಮಾಡಿಕೊಂಡು, ನಡುವಿನ ಬಿಡುವಿನಲ್ಲಿ ಎದ್ದು ಹೇಳಿಬಿಡುವುದು. ಮೇಘಾ ತಾನೂ ಬರುತ್ತೇನೆ ಎಂದಳು. ಅವನು ಬಾ ಅನ್ನಲಿಲ್ಲ, ಬ್ಯಾಡ ಅನ್ನಲಿಲ್ಲ.

ಭಾಲ್ಕಿಯ ಟಾಕೀಜಿನ ಮ್ಯಾನೇಜರು ನಂದಕುಮಾರ ಬಾಗಿಲಲ್ಲೇ ನಿಂತು ಕಾಯುತ್ತಿದ್ದ. ತಿಂಗಳುಗಟ್ಟಲೆ ಖಾಲಿ ಕುರ್ಚಿಗಳಿಗೆ ಸಿನಿಮಾ ತೋರಿಸಿದ್ದ ಮನುಷ್ಯ, ಮಧ್ಯಾಹ್ನದ ಆಟ ಪೂರಾ ತುಂಬಿದ್ದನ್ನು ನೋಡಿ ಹಣಮಂತಪ್ಪನ ಕಾಲಿಗೆ ಬೀಳುವುದೊಂದು ಬಾಕಿ. ಮುಂದಿನ ಸಾಲಿನ ನಡುವಿನ ಕುರ್ಚಿಯನ್ನು ಒರೆಸಿ, ಅದನ್ನು ತಾನೇ ಹಿಂದುಮುಂದು ತಿರುಗಿಸಿ ಇಟ್ಟಿದ್ದ. ಹಣಮಂತಪ್ಪನಿಗೆ ಅವನ ಮುಖ ನೋಡಲಾಗಲಿಲ್ಲ.

ದೀಪ ಆರಿತು. ಹಣಮಂತಪ್ಪ ಅಂಗೈಗೆ ಗದ್ದ ಊರಿ ತನ್ನ ಜನರ ಕಡೆ ನೋಡಿದ. ಅವರೆಲ್ಲ ಅವನನ್ನೇ ನೋಡುತ್ತಿದ್ದರು.

ಪರದೆಯ ಮೇಲೆ ನಾಯಕ ಎರಡು ಉಕ್ಕಿನ ತೋಳು ಎತ್ತಿಕೊಂಡು ಬಂದಾಗ ಕಾಶೀರಾಮ ಒಮ್ಮೆ ಅವನನ್ನು ನೋಡಿದ, ಒಮ್ಮೆ ಮುತ್ಯಾನನ್ನು ನೋಡಿದ, ಆಮೇಲೆ ಸೀಟಿ ಹೊಡೆದ. ನಾಯಕ ಕಳೆದುಹೋದ ಕಾಲಕ್ಕೆ ವಾಪಸು ಹೋಗಿ ತನ್ನ ಜೊತೆ ತಾನೇ ಜಗಳವಾಡಿದಾಗ ಯಾರಿಗೂ ಏನೂ ತಿಳಿಯಲಿಲ್ಲ. ಇಪ್ಪತ್ತು ತಲೆ ಒಟ್ಟಿಗೆ ಹಣಮಂತಪ್ಪನ ಕಡೆ ತಿರುಗಿದವು. ಅವನು ಮುಖವನ್ನು ಕಲ್ಲು ಮಾಡಿಕೊಂಡ. ಹಾಗಾದರೆ ಇದರಲ್ಲಿ ಏನೋ ಇರಬೇಕು ಎಂದು ಖಟಕ ಚಿಂಚೋಳಿಯವರು ಬೆನ್ನು ನೆಟ್ಟಗೆ ಮಾಡಿ ಕೂತರು. ಅವನು ಕೆಮ್ಮಿದ. ಹಿಂದಿನ ಸಾಲಿನಲ್ಲಿ ಯಾರೋ ಚಪ್ಪಾಳೆ ತಟ್ಟಿದರು. ಅವನಿಗೆ ಆಕಳಿಕೆ ಬಂತು, ಬಾಯಿ ಮುಚ್ಚಿ ನುಂಗಿದ. ಕಣ್ಣಲ್ಲಿ ನೀರು ಬಂತು. ಅದನ್ನು ನೋಡಿ ಸಾಯಗಾಂವದ ಬೀಗಿತ್ತಿ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಆಗ ಪರದೆಯ ಮೇಲೆ ಒಂದು ರೈಲು ಉರಿಯುತ್ತಿತ್ತು, ಅಳುವಂಥದ್ದು ಏನೂ ಇರಲಿಲ್ಲ.

ಕುರಿ ಮೇಯುತ್ತಿದೆಯೋ ಇಲ್ಲವೋ ಎಂದು ತಿಳಿಯುವ ದಾರಿ ಮುಚ್ಚಿಹೋಗಿತ್ತು. ತಾನು ಅವರ ಮುಖ ನೋಡಿ ಹೇಳುವವನು, ಅವರು ತನ್ನ ಮುಖ ನೋಡಿ ಮೇಯುವವರು. ನಡುವೆ ಸಿನಿಮಾ ಯಾರಿಗೂ ಬೇಡವಾಗಿ ಗೋಡೆಯ ಮೇಲೆ ತಾನೇ ಓಡುತ್ತಿತ್ತು. ಹಣಮಂತಪ್ಪನಿಗೆ ಹೆದರಿಕೆಯಾಯಿತು. ಜೀವನದಲ್ಲಿ ತೋಳ ನೋಡಿದಾಗಲೂ ಅಷ್ಟು ಹೆದರಿರಲಿಲ್ಲ.

ಇನ್ನು ವಯಸ್ಸು. ಸಿನಿಮಾ ಮೂರು ತಾಸಿನದು, ಅದರಲ್ಲಿ ಬಿಡುವು ಬರಲು ಎರಡು ತಾಸು. ಸಿನಿಮಾ ಮಾಡಿದವರಿಗೆ ಎಪ್ಪತ್ತು ದಾಟಿದ ಗಂಡಸಿನ ಪರಿಚಯವಿರಲಿಲ್ಲ. ಒಂದೂವರೆ ತಾಸು ತಡೆದುಕೊಂಡ ಹಣಮಂತಪ್ಪ ಕೊನೆಗೆ ಎದ್ದು, ಧೋತರ ಸರಿಮಾಡಿಕೊಂಡು, ಪಕ್ಕದ ಬಾಗಿಲಿನಿಂದ ಮೂತ್ರಕ್ಕೆ ಹೋದ.

ಮುಂದಾಳು ಟಗರು ಎದ್ದರೆ ಹಿಂಡು ಏಕೆ ಎಂದು ಕೇಳುವುದಿಲ್ಲ. ಗೋಡೆಯ ಕೆಲಸ ಮುಗಿಸಿ ಅವನು ತಿರುಗಿ ನೋಡಿದರೆ ಅಂಗಳದ ತುಂಬ ಜನ. ಕಾಶೀರಾಮ ಮಗುವನ್ನು ಹೆಗಲ ಮೇಲೆ ಹೊತ್ತು ನಿಂತಿದ್ದ. ಟೆಂಪೋದವನು ಗಾಡಿ ಚಾಲೂ ಮಾಡಿದ್ದ. ನಂದಕುಮಾರ ಓಡಿ ಬಂದ, ಅವನ ಮುಖದಲ್ಲಿ ರಕ್ತ ಇರಲಿಲ್ಲ.

"ಯಾಕ ಎದ್ದಿರಿ ಮುತ್ಯಾ?" ಎಂದ ಕಾಶೀರಾಮ. "ಛಲೋ ಇಲ್ಲೇನ್ರಿ?"

ಹೇಳಬೇಕೆಂದು ಬಂದಿದ್ದ ಮಾತು ನಾಲಿಗೆಯ ತುದಿಯಲ್ಲೇ ಇತ್ತು. ಉಪ್ಪಿನ ಹೊಟ್ಟಿ. ಎರಡು ಪದ. ಹೇಳಿದರೆ ಮಾತು ಉಳಿಯುತ್ತದೆ, ಊರಿನ ನಂಬಿಕೆ ಉಳಿಯುತ್ತದೆ, ನಂದಕುಮಾರನ ಟಾಕೀಜು ಮಾತ್ರ ಈಗಿಂದೀಗಲೇ ಖಾಲಿಯಾಗುತ್ತದೆ. ಹಣಮಂತಪ್ಪ ಬಾಯಿ ತೆರೆದ. ಆಗ ಅವನ ಎರಡು ಬೆರಳು ತಾವಾಗಿಯೇ ಗಾಳಿಯಲ್ಲಿ ಒತ್ತಿದವು, ಸಂತೆಯಲ್ಲಿ ಒತ್ತುವ ಹಾಗೆ. ಅಲ್ಲಿ ಹೊಟ್ಟೆಯೇ ಇರಲಿಲ್ಲ. ಮುಟ್ಟದ ಕುರಿಗೆ ಇವನು ಎಂದೂ ಬೆಲೆ ಹೇಳಿದವನಲ್ಲ, ಆದರೆ ಹನ್ನೆರಡು ಸಿನಿಮಾಕ್ಕೆ ಹೇಳಿದ್ದ. ಮೇಘಾ ಕತ್ತರಿಸಿದ್ದು ಅವನ ಅರ್ಧ ಮಾತನ್ನು. ಉಳಿದ ಅರ್ಧವಾದರೂ ಎಲ್ಲಿಯದು?

"ನಾ ಪಿಚ್ಚರ್ ನೋಡಿಲ್ಲರಿ," ಎಂದ. ಕತ್ತಲೆಯಿಂದ ಬಿಸಿಲಿಗೆ ಬಂದ ಕಣ್ಣಲ್ಲಿ ನೀರಿತ್ತು. "ಇದೊಂದೇ ಅಲ್ಲ, ಯಾವದೂ ನೋಡಿಲ್ಲ. ನಿಮ್ಮ ಮಾರಿ ನೋಡಿ ಹೇಳಿದ್ದು ಅಷ್ಟ. ನೀವ ನನ್ನ ಮಾರಿ ನೋಡಬ್ಯಾಡ್ರಿ. ನೀವೇ ಹೋಗಿ ನೋಡ್ರಿ."

ಕಾಶೀರಾಮ ಮಗುವನ್ನು ಹೆಗಲಿನಿಂದ ಇಳಿಸಿದ. ಆಮೇಲೆ ಟೆಂಪೋದವನು, ದೊಡ್ಡವರ ಮಾತು ಹಿಂಗೇ ಇರ್ತದ ಎಂದು ತಲೆದೂಗಿದ. ಜನ ನಕ್ಕರು, ಶೇಂಗಾ ಕೊಳ್ಳಲು ತಳ್ಳುಗಾಡಿಯ ಸುತ್ತ ನಿಂತರು. ಮೇಘಾ ಮಾತ್ರ ನಗಲಿಲ್ಲ. ಅವಳ ಕೈಯಲ್ಲಿ ಮೊಬೈಲು ಇತ್ತು, ಅದು ಎಲ್ಲವನ್ನೂ ಹಿಡಿದಿತ್ತು.

ಹಣಮಂತಪ್ಪ ಒಳಗೆ ಹೋದ. ಮುನ್ನೂರು ಕುರ್ಚಿಯಲ್ಲಿ ಒಬ್ಬಳೇ ಹೆಂಗಸು ಕೂತಿದ್ದಳು, ಮುನವ್ವರ ಬೇಗಂ. ನಿವೃತ್ತಳಾದ ಸಾಲಿ ಟೀಚರು. ಯಾರು ಹೇಳಲಿ ಬಿಡಲಿ ಪ್ರತಿ ಭಾನುವಾರ ಬರುವವಳು. ಇಡೀ ಟಾಕೀಜು ಎದ್ದು ಹೋದದ್ದು ಅವಳಿಗೆ ಗೊತ್ತೇ ಆಗಿರಲಿಲ್ಲ. ಹಣಮಂತಪ್ಪ ಅವಳಿಂದ ಒಂದು ಕುರ್ಚಿ ಬಿಟ್ಟು ಕೂತ. ಮೊದಲ ಸಲ ಮುಖ ಪರದೆಯ ಕಡೆಗೆ.

ಕರಿ ಬೂದಿಯಾದ ಊರು. ಅದರ ನಡುವೆ ಬಕೆಟ್ಟಿನಷ್ಟು ಎತ್ತರದ ಒಂದು ಸಣ್ಣ ಯಂತ್ರ, ಮೂರು ಕಾಲಿನದು, ಕುಂಟುತ್ತ ಹೋಗಿ ಬಿದ್ದ ದೊಡ್ಡ ಯಂತ್ರಗಳನ್ನು ಒಂದೊಂದಾಗಿ ಮೂಸಿ ನೋಡುತ್ತಿತ್ತು. ಇದಲ್ಲ, ಅದಲ್ಲ. ಒಂದು ಕಡೆ ನಿಂತು ಒದರಿತು. ಆವತ್ತು ಬೆನ್ನ ಹಿಂದೆ ಕೇಳಿದ್ದು ಇದೇ. ಸತ್ತ ಕುರಿಗಳ ನಡುವೆ ಮರಿ ಹೀಗೆಯೇ ಮೂಸಿ ನೋಡುತ್ತದೆ, ಹಣಮಂತಪ್ಪ ಎಷ್ಟೋ ಸಲ ನೋಡಿದ್ದಾನೆ, ಆದರೂ ಅವನಿಗೆ ದುಃಖ ಉಕ್ಕಿ ಬಂತು. ಪಕ್ಕದಲ್ಲಿ ಮುನವ್ವರ ಬೇಗಮಳ ಕೈ ಶೇಂಗಾ ಹಿಡಿದು ಗಾಳಿಯಲ್ಲಿ ನಿಂತಿತ್ತು. ಹಣಮಂತಪ್ಪ ಅದನ್ನು ಗಮನಿಸಲಿಲ್ಲ. ಅವನು ಪರದೆಯನ್ನು ನೋಡುತ್ತಿದ್ದ.

ಆಮೇಲೆ ಜನ ವಾಪಸು ಬಂದರು, ಏಳು ಯಂತ್ರಗಳೂ ಬಂದವು, ನಾಯಕ ಭಾಷಣ ಮಾಡಿ ಹೊಡೆದಾಡತೊಡಗಿದ. ಹೊಡೆದಾಟ ನಲವತ್ತು ನಿಮಿಷದ್ದು. ಹಣಮಂತಪ್ಪ ಹತ್ತನೆಯ ನಿಮಿಷಕ್ಕೆ ನಿದ್ದೆ ಹೋದ. ಕೊನೆಗೆ ಮುನವ್ವರ ಬೇಗಂ ಎಬ್ಬಿಸಿದಳು.

"ಮುಗೀತೇನ್ರಿ ಬಾಯಾರ?"

"ಎಲ್ಲಿ ಮುಗೀತದರಿ. ಮೂರನೇ ಭಾಗ ಬರ್ತದಂತ," ಎಂದಳು ಅವಳು, ಚೀಲ ಹೆಗಲಿಗೇರಿಸುತ್ತ. "ಆ ಮರಿ ಏನಾಯ್ತು ಅಂತ ಹೇಳಲೇ ಇಲ್ಲ ನೋಡ್ರಿ. ಅದೊಂದ ಹೇಳಿದ್ರ ಸಾಕಿತ್ತು."

ಎರಡು ವರ್ಷದಲ್ಲಿ ಹಣಮಂತಪ್ಪ ಕೇಳಿದ ಮೊದಲ ವಿಮರ್ಶೆ ಅದು. ಅವನಿಗೆ ಬಹಳ ಸರಿಯೆನಿಸಿತು.

ಆ ರಾತ್ರಿ ಮೇಘಾ ಹಳೆಯ ವಿಡಿಯೋ ತೆಗೆದು ಹೊಸದನ್ನು ಹಾಕಿದಳು, ಒಂದು ಕೂದಲೂ ಕತ್ತರಿಸದೆ. ಮೊದಲನೆಯದನ್ನು ಕತ್ತರಿಸಿದ್ದು ತಾನೇ ಎಂದು ತನ್ನ ಬಾಯಿಂದಲೇ ಹೇಳಿದಳು. ಹಾಕುವ ಮೊದಲು ಮುತ್ಯಾನಿಗೆ ಪೂರಾ ತೋರಿಸಿದಳು. ಹೈದರಾಬಾದಿನ ವೇದಿಕೆ ಹೋಯಿತು ಎಂದು ಅವಳಿಗೆ ಗೊತ್ತಿತ್ತು, ಹಣಮಂತಪ್ಪನಿಗೂ ಗೊತ್ತಿತ್ತು. ಅವನು ಅವಳ ತಲೆಯ ಮೇಲೆ ಕೈ ಇಟ್ಟ.

ವೇದಿಕೆ ಹೋಗಲಿಲ್ಲ. ಮೇಘಾ ಬಿಟ್ಟ ಕತ್ತರಿಯನ್ನು ಕಂಪನಿ ಎತ್ತಿಕೊಂಡಿತ್ತು. ನಾಲ್ಕನೆಯ ದಿನಕ್ಕೆ ಬೀದರಿನ ವೃತ್ತದಲ್ಲಿ, ಭಾಲ್ಕಿಯ ಬಸ್ ಸ್ಟ್ಯಾಂಡಿನಲ್ಲಿ, ಔರಾದಿನ ತಹಸೀಲ ಕಚೇರಿಯ ಎದುರಿಗೆ ಆಳೆತ್ತರದ ಫ್ಲೆಕ್ಸು ನಿಂತವು. ಒಂದು ಕಡೆ ಉಕ್ಕಿನ ತೋಳಿನ ನಾಯಕ, ಇನ್ನೊಂದು ಕಡೆ ರುಮಾಲು ಸುತ್ತಿದ ಹಣಮಂತಪ್ಪ, ಕಣ್ಣಲ್ಲಿ ನೀರು. ಕೆಳಗೆ ದಪ್ಪ ಅಕ್ಷರದಲ್ಲಿ, "ನೀವೇ ಹೋಗಿ ನೋಡ್ರಿ!" ಕೊನೆಯ ಆಶ್ಚರ್ಯಚಿಹ್ನೆ ಕಂಪನಿಯದು. ಸಿನಿಮಾ ಮೂರನೆಯ ವಾರಕ್ಕೆ ಕಾಲಿಟ್ಟಿತು. ಸಮಾರಂಭಕ್ಕೆ ಅಜ್ಜನನ್ನೂ ಕರೆತನ್ನಿ ಎಂದು ಅಶ್ವಜಿತ ಎಂಟು ಸಲ ಫೋನು ಮಾಡಿದ. ಮೇಘಾ ಎಂಟು ಸಲವೂ ಎತ್ತಲಿಲ್ಲ. ಒಂಬತ್ತನೆಯ ಸಲಕ್ಕೆ ಪುತಳಾಬಾಯಿ ಎತ್ತಿ ಮಾತಾಡಿದಳು. ಆಮೇಲೆ ಅವನು ಮಾಡಲಿಲ್ಲ.

ಮುಂದಿನ ಸಂತೆಯ ದಿನ ಹಣಮಂತಪ್ಪ ಔರಾದಿಗೆ ಹೋದ. ಫ್ಲೆಕ್ಸಿನ ಕಡೆ ನೋಡದೆ ತಲೆ ತಗ್ಗಿಸಿ ದಾಟಿದ. ಟಗರುಗಳ ಸಾಲಿನಲ್ಲಿ ಒಬ್ಬ ಹುಡುಕಿಕೊಂಡು ಬಂದ, ಹೊಸದಾಗಿ ಕುರಿ ಸಾಕಲು ಹೊರಟ ತರುಣ ರೈತ, ಓಂಪ್ರಕಾಶ ಅಂತ. ಮುತ್ಯಾ, ಇದೊಂದು ನೋಡಿ ಹೇಳ್ರಿ ಅಂದ. ದುಂಡನೆಯ ಟಗರು. ಹಣಮಂತಪ್ಪ ಹಲ್ಲು ನೋಡಲಿಲ್ಲ, ಗೊರಸು ಎತ್ತಲಿಲ್ಲ. ಓಂಪ್ರಕಾಶನ ಕೈ ಹಿಡಿದು, ಅವನ ಎರಡು ಬೆರಳನ್ನು ನೆಟ್ಟಗೆ ಮಾಡಿ ಟಗರಿನ ಹೊಟ್ಟೆಯ ಮೇಲೆ ಇಟ್ಟ. ಎಲ್ಲಿ ಒತ್ತಬೇಕು, ಎಷ್ಟು ಒತ್ತಬೇಕು, ಹುಲ್ಲು ಹೇಗೆ ತಾಗುತ್ತದೆ, ನೀರು ಹೇಗೆ ಜಾರುತ್ತದೆ, ನಲವತ್ತು ವರ್ಷ ಯಾರಿಗೂ ಹೇಳದಿದ್ದದ್ದನ್ನು ನಿಧಾನವಾಗಿ ಹೇಳಿಕೊಟ್ಟ. ಹೇಳುತ್ತ ಹೇಳುತ್ತ ಎದೆ ಹಗುರಾಯಿತು. ಕೊನೆಗೆ ಕೈ ಬಿಟ್ಟು ಹಿಂದೆ ಸರಿದು, ಈಗ ನೀನೇ ನೋಡು ಅಂದ.

ಓಂಪ್ರಕಾಶ ಹೇಳಿಕೊಟ್ಟ ಹಾಗೆಯೇ ಒತ್ತಿದ. ಕಣ್ಣು ಮಾತ್ರ ಹಣಮಂತಪ್ಪನ ಮುಖದ ಮೇಲೆಯೇ ಇತ್ತು.